ಅಡುಗೆಮನೆಯವರೆಗೆ ಬಂದ ಕಾನೂನು
(ವಿಕ್ಟರ್ ಕ್ಲೆಂಪೆರರ್ ಅವರ ದಿನಚರಿಗಳನ್ನು ಕುರಿತು)

ಜರ್ಮನಿಯ ಡ್ರೆಸ್ಡನ್ ನಗರದ ತಾಂತ್ರಿಕ ವಿದ್ಯಾಪೀಠದಲ್ಲಿ ಫ್ರೆಂಚ್ ಸಾಹಿತ್ಯದ ಪ್ರಾಧ್ಯಾಪಕರಾಗಿದ್ದ ವಿಕ್ಟರ್ ಕ್ಲೆಂಪೆರರ್ 1933ರಿಂದ 1945ರವರೆಗೆ ಗುಟ್ಟಾಗಿ ಬರೆದಿಟ್ಟ ದಿನಚರಿಯು, ಅವರು ತೀರಿಕೊಂಡ ಮೂವತ್ತೈದು ವರ್ಷಗಳ ಅನಂತರ, 1995ರಲ್ಲಿ ಎರಡು ಬೃಹತ್ ಸಂಪುಟಗಳಾಗಿ ಪ್ರಕಟವಾಯಿತು. ಕೆಲವೇ ವರ್ಷಗಳಲ್ಲಿ ಮಾರ್ಟಿನ್ ಚಾಮರ್ಸ್ ಅವರ ಇಂಗ್ಲಿಷ್ ಅನುವಾದವೂ ಬಂದುದರಿಂದ ಜರ್ಮನ್ ಅರಿಯದ ನಮ್ಮಂಥವರಿಗೂ ಅದು ಎಟುಕುವಂತಾಗಿದೆ. ಆ ಕಾಲದ ಯಹೂದಿಗಳ ಬವಣೆಯನ್ನು ನಮ್ಮ ವಾಚಕರಲ್ಲಿ ಅನೇಕರು ಆನ್ ಫ್ರಾಂಕ್ ಎಂಬ ಬಾಲಕಿಯ ದಿನಚರಿಯಿಂದ ಬಲ್ಲರು. ಆದರೆ ಅದು ಅಡಗುತಾಣದಲ್ಲಿ ಹುಟ್ಟಿದ ಬರೆಹ. ಕ್ಲೆಂಪೆರರ್ ದಂಪತಿಗಳು ಅಡಗಿರಲಿಲ್ಲ. ಹನ್ನೆರಡು ವರ್ಷಗಳ ಕಾಲ ಅವರು ತಮ್ಮ ಊರಿನಲ್ಲಿಯೇ, ಎಲ್ಲರ ಕಣ್ಣೆದುರಿನಲ್ಲಿಯೇ, ದಿನಸಿ ತಂದು, ಪಾತ್ರೆ ತೊಳೆದು, ಬಾಡಿಗೆ ಕೊಟ್ಟು ಬಾಳಿದರು. ಒಂದು ಸರಕಾರವು ಒಂದು ಸಂಸಾರವನ್ನು ಹಂತಹಂತವಾಗಿ ಹೇಗೆ ಬರಿದು ಮಾಡುತ್ತದೆಂಬುದನ್ನು ಇಷ್ಟು ಸಮೀಪದಿಂದ ತೋರಿಸಿದ ಗ್ರಂಥ ನಾನು ಓದಿದವುಗಳಲ್ಲಿ ಬೇರೊಂದಿಲ್ಲ.

ಕ್ಲೆಂಪೆರರ್ ಹುಟ್ಟಿದ್ದು 1881ರಲ್ಲಿ, ಯಹೂದಿ ಧರ್ಮಗುರುವೊಬ್ಬರ ಮಗನಾಗಿ. ಯೌವನದಲ್ಲಿಯೇ ಅವರು ಪ್ರೊಟೆಸ್ಟೆಂಟ್ ಕ್ರೈಸ್ತಮತವನ್ನು ಸ್ವೀಕರಿಸಿದರು. 1906ರಲ್ಲಿ ಎವಾ ಶ್ಲೆಮ್ಮರ್ ಎಂಬ ಯಹೂದ್ಯೇತರ ಸಂಗೀತಗಾರ್ತಿಯನ್ನು ವಿವಾಹವಾದರು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿಯ ಪರವಾಗಿ ರಣರಂಗದಲ್ಲಿ ನಿಂತರು. ತಾವು ಜರ್ಮನರು ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಸಂದೇಹವಿರಲಿಲ್ಲ. ಆದರೆ 1935ರ ನ್ಯೂರೆಂಬರ್ಗ್ ಕಾನೂನುಗಳಿಗೆ ಮನುಷ್ಯನ ನಂಬಿಕೆ, ನಡತೆ, ಸೇವೆ ಇವಾವುವೂ ಬೇಕಾಗಿರಲಿಲ್ಲ. ಅಜ್ಜ ಅಜ್ಜಿಯರು ಯಾರೆಂಬುದಷ್ಟೇ ಬೇಕಾಗಿತ್ತು. ಅದೇ ವರ್ಷ ಅವರು ಕೆಲಸದಿಂದ ವಜಾ ಆದರು.

ಇಲ್ಲಿ ಕುಟುಂಬಕ್ಕೆ ಸಂಬಂಧಿಸಿದ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಯಹೂದ್ಯೇತರ ಪತ್ನಿಯಿದ್ದುದರಿಂದಲೇ ಕ್ಲೆಂಪೆರರ್ ಬದುಕಿ ಉಳಿದರು. ಮಿಶ್ರವಿವಾಹಗಳಲ್ಲಿಯೂ ಸರಕಾರ ಎರಡು ಬಗೆ ಮಾಡಿತ್ತು. ಮಕ್ಕಳನ್ನು ಯಹೂದಿಗಳಾಗಿ ಬೆಳೆಸದ ದಂಪತಿಗಳಿಗೆ ಕೆಲವು ವಿನಾಯಿತಿಗಳಿದ್ದವು. ಮಕ್ಕಳಿಲ್ಲದೆ, ಗಂಡನೇ ಯಹೂದಿಯಾಗಿದ್ದ ಇವರಂಥವರಿಗೆ ಅವು ದೊರೆಯಲಿಲ್ಲ. ಎವಾ ವಿಚ್ಛೇದನಕ್ಕೆ ಒಂದು ರುಜು ಹಾಕಿದ್ದರೆ ಆಕೆಯ ಕಷ್ಟಗಳೆಲ್ಲ ಅಂದೇ ತೀರುತ್ತಿದ್ದವು. ಗಂಡನ ಆಯುಷ್ಯವೂ ಬಹುಶಃ ಕೆಲವೇ ವಾರಗಳಲ್ಲಿ ತೀರುತ್ತಿತ್ತು. ಮನೆ ಶೋಧಿಸಲು ಬಂದ ಗೆಸ್ಟಾಪೊ ಪೊಲೀಸರು ಆಕೆಯನ್ನು ಬೈದರು, ಮುಖಕ್ಕೆ ಉಗುಳಿದರು. ಆಕೆ ರುಜು ಹಾಕಲಿಲ್ಲ. ಇದನ್ನು ದಿನಚರಿ ಯಾವ ಅಲಂಕಾರವೂ ಇಲ್ಲದೆ, ಅಂದಿನ ಆಲೂಗಡ್ಡೆಯ ಅಭಾವದೊಂದಿಗೆ ಸೇರಿಸಿ ದಾಖಲಿಸುತ್ತದೆ.

ಎವಾಳ ಜೀವದ ಆಸೆ ಒಂದು ಮನೆ. 1934ರಲ್ಲಿ ಊರ ಹೊರಗಿನ ಡ್ಯೋಲ್ಚೆನ್ ಎಂಬಲ್ಲಿ ಸಾಲಸೋಲ ಮಾಡಿ ಅದನ್ನು ಕಟ್ಟಿಸಿದರು. ನೆರೆಹೊರೆಯವರು ದೇಶ ಬಿಡುವ ಯೋಚನೆಯಲ್ಲಿದ್ದಾಗ ಈ ದಂಪತಿಗಳು ತೋಟಕ್ಕೆ ಗಿಡ ತರುತ್ತಿದ್ದರು. ಕ್ಲೆಂಪೆರರ್ ವಾಹನ ನಡೆಸಲು ಕಲಿತು, ಹಳೆಯ ಕಾರೊಂದನ್ನೂ ಕೊಂಡರು. ಈ ಪುಟಗಳನ್ನು ಓದುವಾಗ ವಾಚಕನಿಗೆ ಅಸಹನೆಯಾಗುವುದುಂಟು. ಇವರಿಗೆ ಬರಲಿರುವುದು ಕಾಣುತ್ತಿಲ್ಲವೆ? ಅಣ್ಣ ಅಮೆರಿಕಕ್ಕೆ ಹೋಗಿಯಾಗಿತ್ತಲ್ಲ, ಇವರೇಕೆ ಹೋಗಲಿಲ್ಲ? ಆದರೆ ಈ ಪ್ರಶ್ನೆಯನ್ನು ಅಷ್ಟು ಸುಲಭವಾಗಿ ಕೇಳುವವರು ಐವತ್ತೈದು ದಾಟಿದ, ಪರಭಾಷೆಯಲ್ಲಿ ಪಾಠ ಹೇಳಲಾಗದ, ಮನೆಯ ಸಾಲ ತೀರದ ಒಬ್ಬ ಗೃಹಸ್ಥನ ಸ್ಥಾನದಲ್ಲಿ ತಮ್ಮನ್ನು ಇಟ್ಟುಕೊಂಡು ನೋಡಬೇಕು. ಮುಂದೆ ಅವರು ಯತ್ನಿಸಿದಾಗ ಅಮೆರಿಕದ ಸರದಿ ಬಹು ಉದ್ದವಾಗಿತ್ತು. 1941ರ ಅಕ್ಟೋಬರಿನಲ್ಲಿ ಜರ್ಮನಿಯೇ ಯಹೂದಿಗಳ ನಿರ್ಗಮನವನ್ನು ನಿಷೇಧಿಸಿತು.

ಹಿಂಸೆ ಇಲ್ಲಿ ಗುಡುಗಿನಂತೆ ಒಮ್ಮೆಲೇ ಎರಗುವುದಿಲ್ಲ. ಒಂದೊಂದೇ ಸುತ್ತೋಲೆಯಾಗಿ ಬರುತ್ತದೆ. ಮೊದಲು ಗ್ರಂಥಾಲಯದ ಬಾಗಿಲು ಮುಚ್ಚಿತು. ಜೀವಮಾನವಿಡೀ ಹದಿನೆಂಟನೆಯ ಶತಮಾನದ ಫ್ರೆಂಚ್ ಸಾಹಿತ್ಯವನ್ನು ಅಧ್ಯಯನ ಮಾಡಿದ ವಿದ್ವಾಂಸನಿಗೆ ಇದು ಉಸಿರು ಕಟ್ಟಿಸಿದಂತೆ. 1938ರ ನವೆಂಬರಿನ ದೊಂಬಿಯ ಮರುದಿನಗಳಲ್ಲಿ ಮನೆಯ ಶೋಧನೆಯಾಗಿ, ಹಿಂದಿನ ಯುದ್ಧದಲ್ಲಿ ಧರಿಸಿದ್ದ ಕತ್ತಿಯೇ ಅಪರಾಧದ ಸಾಕ್ಷಿಯಾಯಿತು. ಡಿಸೆಂಬರಿನಲ್ಲಿ ವಾಹನದ ಪರವಾನಗಿ ಹೋಯಿತು. 1939ರ ಆರಂಭದಿಂದ ಹೆಸರಿನೊಡನೆ ‘ಇಸ್ರೇಲ್’ ಎಂದು ಸೇರಿಸಿಕೊಳ್ಳಬೇಕಾಯಿತು. ಯುದ್ಧ ಪ್ರಾರಂಭವಾದ ಮರುವರ್ಷ, 1940ರ ಮೇ ತಿಂಗಳಿನಲ್ಲಿ, ಅಷ್ಟು ಹಂಬಲಿಸಿ ಕಟ್ಟಿದ ಮನೆಯನ್ನು ತೆರವು ಮಾಡಿ ‘ಯಹೂದಿಗಳ ಮನೆ’ ಎಂದು ಸರಕಾರ ಗುರುತಿಸಿದ ಕಟ್ಟಡವೊಂದರ ಕೋಣೆಗಳಿಗೆ ಹೋಗಬೇಕಾಯಿತು. ರಷ್ಯಾದ ಮೇಲೆ ಜರ್ಮನಿಯು ದಾಳಿಯಿಟ್ಟ ಮರುದಿನ, 1941ರ ಜೂನ್ 23ರಂದು, ಒಂದು ರಾತ್ರಿ ಕಿಟಕಿಗೆ ಪರದೆ ಎಳೆಯಲು ಮರೆತ ತಪ್ಪಿಗಾಗಿ ಎಂಟು ದಿನಗಳ ಸೆರೆಮನೆ ಆರಂಭವಾಯಿತು. ಅದೇ ಸೆಪ್ಟೆಂಬರ್ 19ರಿಂದ ಎದೆಯ ಮೇಲೆ ಹಳದಿ ನಕ್ಷತ್ರ. ಅಂದಿನಿಂದ ಅವರು ಹಗಲಿನಲ್ಲಿ ಬೀದಿಗಿಳಿಯಲು ಅಂಜಿದರು. ಅಂಗಡಿಗೆ ಅಲೆಯುವ ಭಾರವೆಲ್ಲ ಎವಾಳ ಹೆಗಲಿಗೆ ಬಿತ್ತು.

1942ರ ಜೂನ್ 2ರ ಬರೆಹದಲ್ಲಿ ಕ್ಲೆಂಪೆರರ್ ಅಲ್ಲಿಯವರೆಗಿನ ನಿಷೇಧಗಳನ್ನು ಅಂಕಿ ಹಾಕಿ ಎಣಿಸುತ್ತಾರೆ, ಮೂವತ್ತೊಂದು. ರೇಡಿಯೊ, ದೂರವಾಣಿ, ಟೈಪ್‌ರೈಟರ್, ಸೈಕಲ್ಲು, ಉಣ್ಣೆಯ ಹೊದಿಕೆ, ಹೂವು, ಮೀನು, ಕ್ಷೌರ, ಉದ್ಯಾನದಲ್ಲಿ ನಡೆದಾಟ, ದಿನಸಿಯ ದಾಸ್ತಾನು. ಅಂಗಡಿಗೆ ಹೋಗಲು ದಿನಕ್ಕೆ ಒಂದೇ ಗಂಟೆ. ಈ ಪಟ್ಟಿಯನ್ನು ನಾನು ಗ್ರಂಥದ ಹೃದಯವೆಂದು ಭಾವಿಸುತ್ತೇನೆ. ಹೂವಿನ ಮೇಲಿನ ನಿಷೇಧದಿಂದ ಯಾವ ಸರಕಾರಕ್ಕೂ ಯುದ್ಧ ಗೆಲ್ಲುವುದು ಸಾಧ್ಯವಿಲ್ಲ. ಮನೆಯೊಳಗೆ ಬದುಕನ್ನು ಬದುಕನ್ನಾಗಿ ಮಾಡುವ ಸಣ್ಣ ಸಂತೋಷಗಳನ್ನು ಗುರುತಿಸಿ, ಒಂದೊಂದನ್ನೇ ಕಿತ್ತುಕೊಳ್ಳುವ ಶ್ರದ್ಧೆ ಅದರ ಹಿಂದಿದೆ. ಎಲ್ಲೋ ಒಬ್ಬ ಗುಮಾಸ್ತ ಕುಳಿತು ಇದನ್ನು ಯೋಚಿಸಿರಬೇಕಲ್ಲವೆ! ಇವೆಲ್ಲವೂ ಸೇರಿದರೂ ಶೋಧನೆ, ಸೆರೆ, ಕೊಲೆಗಳ ನಿತ್ಯಭೀತಿಯ ಮುಂದೆ ಏನೂ ಅಲ್ಲವೆಂದು ಲೇಖಕರೇ ಕೊನೆಯಲ್ಲಿ ಸೇರಿಸುತ್ತಾರೆ.

ಆ ಪಟ್ಟಿಯಲ್ಲಿ ಸಾಕುಪ್ರಾಣಿಗಳೂ ಇವೆ. ದಂಪತಿಗಳಿಗೆ ಮೂಶೆಲ್ ಎಂಬ ಬೆಕ್ಕಿತ್ತು. 1942ರ ಮೇ ತಿಂಗಳಿನಲ್ಲಿ ಯಹೂದಿಗಳ ಮನೆಯಲ್ಲಿ ನಾಯಿ, ಬೆಕ್ಕು, ಹಕ್ಕಿಗಳಿರಕೂಡದೆಂದು ಆಜ್ಞೆಯಾಯಿತು. ಅನ್ಯರಿಗೆ ಕೊಡುವಂತೆಯೂ ಇರಲಿಲ್ಲ, ಕೊಲ್ಲಿಸಲೇಬೇಕು. ಅಧಿಕಾರಿಗಳು ಒಯ್ಯುವುದಕ್ಕಿಂತ ಮೊದಲೇ, ಸಂಕಟವಿಲ್ಲದೆ ಸಾಯಲೆಂದು, ಎವಾ ಅದನ್ನು ಪಶುವೈದ್ಯರ ಬಳಿಗೆ ಹೊತ್ತುಕೊಂಡು ಹೋದಳು. ಅಷ್ಟು ಜನ ಮನುಷ್ಯರು ಸಾಯುತ್ತಿದ್ದಾಗ ಬೆಕ್ಕಿಗಾಗಿ ಪುಟಗಳನ್ನು ವ್ಯಯಿಸಬೇಕಿತ್ತೆ ಎಂದು ಕೇಳುವವರಿರಬಹುದು. ನಮ್ಮ ವಾಚಕರು ಹಾಗೆ ಕೇಳಲಾರರೆಂದು ನಂಬಿದ್ದೇನೆ. ಆದರೆ ನಮಗೆ ಇಲ್ಲಿ ಬೇರೊಂದು ಕಹಿಯಾದ ವಿಚಾರವಿದೆ. ಇದೇ ಸರಕಾರ 1933ರ ನವೆಂಬರಿನಲ್ಲಿ ವಿಸ್ತಾರವಾದ ಪ್ರಾಣಿಸಂರಕ್ಷಣಾ ಕಾನೂನನ್ನು ತಂದು ಹೆಮ್ಮೆಪಟ್ಟಿತ್ತು. ಅದಕ್ಕೂ ಮೊದಲು, ಅಧಿಕಾರಕ್ಕೆ ಬಂದ ಮೂರೇ ತಿಂಗಳಲ್ಲಿ, ಪ್ರಾಣಿಗೆ ಪ್ರಜ್ಞೆ ತಪ್ಪಿಸದೆ ವಧಿಸುವುದನ್ನು ನಿಷೇಧಿಸಿ ಯಹೂದಿಗಳ ಧಾರ್ಮಿಕ ಆಹಾರಪದ್ಧತಿಯನ್ನೇ ಅಪರಾಧವಾಗಿಸಿತ್ತು. ಪ್ರಾಣಿದಯೆಯ ಮಾತನ್ನು ಒಂದು ಜನಾಂಗವನ್ನು ಹೊಡೆಯುವ ಕೋಲನ್ನಾಗಿ ಮಾಡಿಕೊಂಡವರು, ಒಂಬತ್ತು ವರ್ಷಗಳ ಬಳಿಕ ಅದೇ ಜನಾಂಗದ ಮನೆಯಲ್ಲಿ ಹುಟ್ಟಿದ ತಪ್ಪಿಗಾಗಿ ಬೆಕ್ಕಿನ ಮರಿಯನ್ನೂ ಬದುಕಗೊಡಲಿಲ್ಲ. ದಯೆಯ ಮಾತು ಯಾರ ಬಾಯಿಂದ, ಯಾರ ವಿರುದ್ಧ ಬರುತ್ತಿದೆಯೆಂದು ಪರೀಕ್ಷಿಸದೆ ಅದನ್ನು ಮೆಚ್ಚುವುದು ಎಷ್ಟು ಅಪಾಯವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

‘ಯಹೂದಿಗಳ ಮನೆ’ಯ ವರ್ಣನೆಗಳು ಗ್ರಂಥದ ಶ್ರೇಷ್ಠ ಭಾಗ. ಒಂದೇ ಅಡುಗೆಮನೆ, ಹಲವು ಸಂಸಾರಗಳು. ಒಲೆಯ ಸರದಿಗಾಗಿ ಜಗಳ, ಒಬ್ಬರ ಮಾತಿನಿಂದ ಇನ್ನೊಬ್ಬರಿಗೆ ಕಿರಿಕಿರಿ, ಆ ಕಿರಿಕಿರಿಯ ನಡುವೆಯೇ ಒಂದು ಬಟ್ಟಲು ಕಾಫಿಯ ಔದಾರ್ಯ. 1942ರ ಜನವರಿಯಲ್ಲಿ ಡ್ರೆಸ್ಡನ್ನಿನಿಂದ ರೀಗಾಕ್ಕೆ ಒಂದು ಸಾಗಾಟವಾಯಿತು. ಬೇಸಿಗೆಯಲ್ಲಿ ವೃದ್ಧರನ್ನು ಥೆರೆಸಿಯೆನ್‌ಸ್ಟಾಟ್‌ಗೆ ಒಯ್ದರು. ಒಬ್ಬೊಬ್ಬರೇ ಮೇಜಿನಿಂದ ಕಾಣೆಯಾಗುತ್ತಾರೆ. ಕೆಲವರು ಸಾಗಾಟಕ್ಕೆ ಮುನ್ನ ತಮ್ಮ ಕೈಯಿಂದಲೇ ಜೀವ ತೆಗೆದುಕೊಳ್ಳುತ್ತಾರೆ. ಆಶ್ವಿಟ್ಸ್ ಎಂಬ ಹೆಸರು 1942ರ ಮಾರ್ಚಿನಲ್ಲಿಯೇ ಈ ಅಡುಗೆಮನೆಗೆ ತಲುಪಿತ್ತು. ಯಾರಿಗೂ ಏನೂ ಗೊತ್ತಿರಲಿಲ್ಲವೆಂದು ಯುದ್ಧಾನಂತರ ಹೇಳಿದವರು ಈ ಪುಟವನ್ನು ಓದಬೇಕಾಗಿತ್ತು. ಪತ್ರಿಕೆಯನ್ನೂ ಕೊಳ್ಳಲಾಗದವರಿಗೆ ತಿಳಿದದ್ದು ಉಳಿದವರಿಗೆ ತಿಳಿಯಲಿಲ್ಲವೆ?

ಹಸಿವಿನ ಆ ದಿನಗಳಲ್ಲಿ ಕ್ಲೆಂಪೆರರ್ ಒಂದು ಸಂಗತಿಯನ್ನು ಬರೆದುಕೊಳ್ಳುತ್ತಾರೆ. ಜೊತೆಗೆ ವಾಸಿಸುವ ಮಹಿಳೆಯ ಪಾಲಿನಿಂದ ತಾವು ಆಗಾಗ ಒಂದು ಚೂರು ರೊಟ್ಟಿ, ಒಂದೆರಡು ಆಲೂಗಡ್ಡೆ ಕದಿಯುವುದುಂಟೆಂದು. ಆಕೆಗೆ ಬೇಕಾದ್ದು ಸ್ವಲ್ಪ, ಕೆಡುವುದೇ ಹೆಚ್ಚು ಎಂದು ಸಮಾಧಾನ ಹೇಳಿಕೊಂಡು, ಮರುಗಳಿಗೆಯಲ್ಲಿಯೇ ತಾವು ಕೀಳಾದೆವೆಂದು ಕುಗ್ಗುತ್ತಾರೆ. ಅಚೌರ್ಯವನ್ನು ವ್ರತವೆಂದು ಹೇಳುವ ನಮಗೆ ಈ ತುಣುಕು ಮುಖ್ಯ. ಹಿಂಸಕನು ಹಿಂಸಿತನ ಅನ್ನವನ್ನಷ್ಟೇ ಕಸಿಯುವುದಿಲ್ಲ. ಅವನು ತನ್ನ ಬಗ್ಗೆ ಇಟ್ಟುಕೊಂಡ ಗೌರವವನ್ನೂ ಕಸಿಯುತ್ತಾನೆ. ಆ ಕಳವಿನ ಲೆಕ್ಕವನ್ನು ಯಾರ ಹೆಸರಿಗೆ ಬರೆಯಬೇಕು?

ಇನ್ನು ಗ್ರಂಥದ ದೋಷಗಳು. ಕ್ಲೆಂಪೆರರ್ ತಮ್ಮ ಹೃದಯದ ನೋವು, ಸಾಲ, ಪಾಂಡಿತ್ಯಕ್ಕೆ ಸಲ್ಲದ ಮನ್ನಣೆ ಇವುಗಳನ್ನೇ ಮತ್ತೆ ಮತ್ತೆ ಹೇಳಿ ಬೇಸರ ತರಿಸುತ್ತಾರೆ. ಯಹೂದಿ ರಾಷ್ಟ್ರೀಯತೆಯನ್ನು ನಾಜಿಗಳ ವಾದದೊಂದಿಗೆ ಸಮೀಕರಿಸುವ ಅವರ ಮಾತುಗಳು ಅತಿರೇಕದವು. ಪ್ಯಾಲೆಸ್ಟೈನಿಗೆ ಓಡಿ ಜೀವ ಉಳಿಸಿಕೊಂಡವರ ಮಟ್ಟಿಗೆ ಅನ್ಯಾಯದವು. ಎಲ್ಲಕ್ಕಿಂತ ದೊಡ್ಡ ಕೊರತೆ, ಎವಾಳ ಧ್ವನಿ ನಮಗೆ ಕೇಳದಿರುವುದು. ಆಕೆಯ ನರದೌರ್ಬಲ್ಯ, ಮನೆಯ ಹುಚ್ಚು ಇವುಗಳ ಬಗ್ಗೆ ಗಂಡ ಆರಂಭದಲ್ಲಿ ಗೊಣಗುವುದನ್ನು ಕೇಳುತ್ತೇವೆ. ಆಕೆ ಅವನನ್ನು ಕುರಿತು ಏನು ಯೋಚಿಸಿದಳೆಂಬುದು ತಿಳಿಯುವುದಿಲ್ಲ. ಆದರೂ ಗ್ರಂಥ ಮುಂದುವರಿದಂತೆ ಒಂದು ವಿಚಿತ್ರ ನಡೆಯುತ್ತದೆ. ಕಾಯಿಲೆಯವಳೆಂದು ಗಂಡ ಬಣ್ಣಿಸಿದ ಹೆಂಗಸು ಮೈಲಿಗಟ್ಟಲೆ ನಡೆದು ಆಲೂಗಡ್ಡೆ ಹೊತ್ತು ತರುತ್ತಾಳೆ. ವಿದ್ವಾಂಸನಾದ ಗಂಡ ಮನೆಯಲ್ಲಿ ಪಾತ್ರೆ ತೊಳೆಯುತ್ತಾನೆ, ರಾತ್ರಿ ಆಕೆಗೆ ಕಾದಂಬರಿ ಓದಿ ಹೇಳುತ್ತಾನೆ. ಆತ್ಮಮಗ್ನನಾದ ಲೇಖಕನ ಕೈಮೀರಿ ಎವಾ ಗ್ರಂಥದ ನಾಯಿಕೆಯಾಗುತ್ತಾಳೆ.

ದಿನಚರಿ ಉಳಿದದ್ದೂ ಅವಳಿಂದಲೇ. ಬರೆದ ಹಾಳೆಗಳನ್ನು ಪುಸ್ತಕಗಳ ನಡುವೆ ಬಚ್ಚಿಟ್ಟು, ಕೆಲವು ಕೂಡಿದೊಡನೆ ಆಕೆ ಅವನ್ನು ಪಿರ್ನಾ ಎಂಬ ಊರಿನ ವೈದ್ಯೆ ಆನ್ನೆಮಾರಿ ಕ್ಯೋಲರ್ ಎಂಬ ಗೆಳತಿಯ ಮನೆಗೆ ಒಯ್ಯುತ್ತಿದ್ದಳು. ಸಿಕ್ಕಿಬಿದ್ದರೆ ಮೂವರಿಗೂ ಮರಣ ಖಚಿತ. ಅಷ್ಟೇ ಅಲ್ಲ, ದಿನಚರಿಯಲ್ಲಿ ಇತರರ ಹೆಸರುಗಳಿದ್ದವು. ಗುಟ್ಟಾಗಿ ರೊಟ್ಟಿ ಕೊಟ್ಟವರು, ಸರಕಾರವನ್ನು ಹಳಿದವರು. ಇವರೆಲ್ಲರ ಜೀವವನ್ನು ಪಣಕ್ಕೊಡ್ಡಿ ಬರೆಯಲು ತಮಗೆ ಹಕ್ಕಿದೆಯೆ ಎಂದು ಕ್ಲೆಂಪೆರರ್ ಪುನಃಪುನಃ ಕೇಳಿಕೊಳ್ಳುತ್ತಾರೆ. ಬರೆಯುವುದನ್ನು ಮಾತ್ರ ನಿಲ್ಲಿಸುವುದಿಲ್ಲ.

ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಸತ್ಯಾಣುವ್ರತವನ್ನು ನಿರೂಪಿಸುವಾಗ, ಪರರಿಗೆ ವಿಪತ್ತನ್ನು ತರುವ ಸತ್ಯವನ್ನೂ ನುಡಿಯಬಾರದೆಂದಿದ್ದಾರೆ. ಆ ಅಳತೆಯಿಂದ ನೋಡಿದರೆ ಕ್ಲೆಂಪೆರರ್ ವ್ರತಭಂಗ ಮಾಡಿದರೆನ್ನಬೇಕೆ? ಹಾಗೆ ತೀರ್ಪು ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಹೆಸರುಗಳನ್ನು ಮರೆಮಾಡಬಹುದಿತ್ತು, ಸಂಕೇತಗಳನ್ನು ಬಳಸಬಹುದಿತ್ತು. ಅಷ್ಟು ಮಟ್ಟಿಗೆ ಅವರು ಅಜಾಗರೂಕರು ಎಂಬುದು ನಿಜ. ಆದರೆ ಮೌನವೂ ಆ ಕಾಲದಲ್ಲಿ ನಿರುಪದ್ರವಿಯಾಗಿರಲಿಲ್ಲ. ಒಯ್ಯಲ್ಪಟ್ಟವರು ಇದ್ದರೆಂಬುದನ್ನೇ ಅಳಿಸುವುದು ಒಯ್ದವರ ಉದ್ದೇಶವಾಗಿತ್ತು. ಆ ಅಡುಗೆಮನೆಯ ಹೆಂಗಸರು, ಮುದುಕರು, ಅವರ ಜಗಳ, ಅವರ ಕಾಫಿ ಇಂದು ನಮಗೆ ತಿಳಿದಿರುವುದು ಈ ಅಪಾಯಕಾರಿ ಹಾಳೆಗಳಿಂದ ಮಾತ್ರ. ಎವಾ ಹಾಳೆಗಳನ್ನು ಹೊತ್ತದ್ದು ಬಲವಂತದಿಂದಲ್ಲ. ಕ್ಯೋಲರ್ ಇಟ್ಟುಕೊಂಡದ್ದು ತಿಳಿಯದೆಯಲ್ಲ. ತಿಳಿದೂ ಒಪ್ಪಿದವರ ಮಟ್ಟಿಗೆ ಲೇಖಕರ ಹೊಣೆ ಹಗುರ. ಕೇಳದೆಯೇ ಹೆಸರು ಸೇರಿಸಿಕೊಳ್ಳಲ್ಪಟ್ಟವರ ಮಟ್ಟಿಗೆ ಹಗುರವಲ್ಲ. ನಮ್ಮ ಸ್ವಾಧ್ಯಾಯಗಳಲ್ಲಿ ಸತ್ಯ ಮತ್ತು ಅಹಿಂಸೆಗಳ ತಾರತಮ್ಯ ಚರ್ಚೆಗೆ ಬಂದಾಗ ಹಳೆಯ ದೃಷ್ಟಾಂತಗಳೊಂದಿಗೆ ಇದನ್ನೂ ಮುಂದಿಟ್ಟರೆ ಚರ್ಚೆ ಇಷ್ಟು ಬೇಗ ಮುಗಿಯಲಾರದು.

1945ರ ಫೆಬ್ರವರಿ 13ರಂದು ಡ್ರೆಸ್ಡನ್ನಿನಲ್ಲಿ ಉಳಿದಿದ್ದ ಯಹೂದಿಗಳಿಗೆ, ಮೂರು ದಿನಗಳಲ್ಲಿ ಕೆಲಸಕ್ಕೆಂದು ಊರು ಬಿಡಲು ಹಾಜರಾಗಬೇಕೆಂಬ ಆದೇಶ ಬಂತು. ಅದನ್ನು ಮನೆಮನೆಗೆ ಹಂಚುವ ಕೆಲಸ ಕ್ಲೆಂಪೆರರ್ ಪಾಲಿಗೂ ಬಿದ್ದಿತ್ತು. ಅದರ ಅರ್ಥವೇನೆಂದು ಹಂಚಿದವರಿಗೂ ಪಡೆದವರಿಗೂ ತಿಳಿದಿತ್ತು. ಅಂದು ರಾತ್ರಿಯೇ ಬ್ರಿಟಿಷ್ ವಿಮಾನಗಳು ನಗರವನ್ನು ಸುಟ್ಟವು. ಸಹಸ್ರಾರು ಜನರನ್ನು ಕೊಂದ ಬೆಂಕಿ ಇವರನ್ನು ಉಳಿಸಿತು. ಇದನ್ನು ದೈವಾನುಗ್ರಹವೆಂದು ಕ್ಲೆಂಪೆರರ್ ಹಿಗ್ಗುವುದಿಲ್ಲ; ಆ ಸಂಯಮಕ್ಕಾಗಿ ಅವರನ್ನು ಗೌರವಿಸುತ್ತೇನೆ. ಹೊಗೆಯಲ್ಲಿ ದಂಪತಿಗಳು ಬೇರ್ಪಟ್ಟು, ಬೆಳಿಗ್ಗೆ ಎಲ್ಬೆ ನದಿಯ ದಂಡೆಯ ಮೇಲಿನ ಜಗಲಿಯಲ್ಲಿ ಪರಸ್ಪರ ಕಂಡುಕೊಂಡರು. ಎವಾ ಒಂದು ಚಾಕುವಿನಿಂದ ಗಂಡನ ಕೋಟಿನ ನಕ್ಷತ್ರವನ್ನು ಕತ್ತರಿಸಿ ತೆಗೆದಳು. ಅಲ್ಲಿಂದ ನಿರಾಶ್ರಿತರ ಗುಂಪಿನಲ್ಲಿ ಬೆರೆತು ಬವೇರಿಯದವರೆಗೆ ಸಾಗಿದರು. ಯುದ್ಧ ಮುಗಿದ ಮೇಲೆ ಬಹುಭಾಗ ಕಾಲ್ನಡಿಗೆಯಲ್ಲಿಯೇ ಹಿಂದಿರುಗಿ, 1945ರ ಜೂನ್ 10ರಂದು ಡ್ಯೋಲ್ಚೆನ್ನಿನ ತಮ್ಮ ಮನೆಯನ್ನು ಸೇರಿದರು. ಮುಂದೆ ನಾಜಿಗಳ ಭಾಷೆಯನ್ನು ಕುರಿತು ಕ್ಲೆಂಪೆರರ್ ಬರೆದು 1947ರಲ್ಲಿ ಪ್ರಕಟಿಸಿದ ಗ್ರಂಥವನ್ನು ಎವಾಳಿಗೆ ಅರ್ಪಿಸಿದ್ದಾರೆ. ಆಕೆ 1951ರಲ್ಲಿ ತೀರಿಕೊಂಡಳು.

ಎರಡೂ ಸಂಪುಟಗಳನ್ನು ಓದಲು ವ್ಯವಧಾನವಿಲ್ಲದವರು 1942ರ ಪುಟಗಳನ್ನಾದರೂ ಆದ್ಯಂತವಾಗಿ, ಆಯ್ಕೆ ಮಾಡದೆ ಓದಬೇಕು. ಆಯ್ದ ಪ್ರಸಂಗಗಳಲ್ಲಿ ಆಲೂಗಡ್ಡೆ ಬಿಟ್ಟುಹೋಗುತ್ತದೆ.