ಹಿಂದಿನ ಸೀಟಿನ ವಿಮರ್ಶೆ

ಕಾವ್ಯಕ್ಕೆ ವಿಮರ್ಶಕರಿದ್ದಾರೆ, ನಾಟಕಕ್ಕೆ ಇದ್ದಾರೆ, ಸಿನಿಮಾಕ್ಕಂತೂ ಊರಿಗೆ ಊರೇ ಇದೆ. ಆದರೆ ಸ್ವಂತ ಮನೆ ಕಟ್ಟಿಸಿದ ಮೇಲೆ ಸಂಸಾರದ ಗಂಟಿನಲ್ಲಿ ಅತಿ ದೊಡ್ಡ ಪಾಲನ್ನು ನುಂಗುವ ಕಾರಿನ ವಿಷಯದಲ್ಲಿ ನಾವು ಹೆಂಗಸರು ಬಾಯಿ ಬಿಡುವುದು ಬಣ್ಣದ ಮಾತು ಬಂದಾಗ ಮಾತ್ರ. ಎಂಜಿನ್ನು ಯಾವುದು, ಕಂಪನಿ ಯಾವುದು, ಎಷ್ಟು ಕಂತು ಎಂಬುದೆಲ್ಲ ನಿಶ್ಚಯವಾದ ಮೇಲೆ "ಬಣ್ಣ ಯಾವುದು ಬೇಕು, ನೀನ ಹೇಳು" ಎಂದು ದೊಡ್ಡ ಉಪಕಾರ ಮಾಡಿದಂತೆ ಕೇಳುತ್ತಾರೆ. ಕಾರನ್ನು ಹೊಗಳುವವರೆಲ್ಲ ಸ್ಟಿಯರಿಂಗ್ ಹಿಡಿದವರೇ. ಹಿಂದಿನ ಸೀಟಿನಲ್ಲಿ ಕೂತು ಸೊಂಟ ಹಿಡಿದುಕೊಂಡವರ ಅಭಿಪ್ರಾಯ ಎಲ್ಲಿಯೂ ಅಚ್ಚಾಗುವುದಿಲ್ಲ. ಆದ್ದರಿಂದ ಈ ಬರಹ.

ನಾನು ವಿಮರ್ಶೆಗೆ ಎತ್ತಿಕೊಂಡಿರುವುದು 'ಸ್ಪೋರ್ಟಿ ಸೆಡಾನ್' ಎಂಬ ಜಾತಿಯನ್ನು. ಸೆಡಾನ್ ಎಂದರೆ ಹಿಂದೆ ಬೇರೆಯಾಗಿ ಡಿಕ್ಕಿ ಇರುವ ಉದ್ದನೆಯ ಕಾರು. ಅದಕ್ಕೆ ಓಟದ ಗುಣ ಸೇರಿದರೆ ಸ್ಪೋರ್ಟಿ. 1990ರಲ್ಲಿ ಮಾರುತಿ 1000 ಬಂದಾಗ ಅದರ ದೇಹ ಸಾಹುಕಾರನದು, ಎಂಜಿನ್ನು ಬಡವನದಾಗಿತ್ತು. ಆ ಕೊರತೆಯನ್ನು 1994ರ ಎಸ್ಟೀಮ್ ತುಂಬಿತು. 1998ರಲ್ಲಿ ಹೋಂಡಾ ಸಿಟಿ ಬಂತು. ಕಾರು ಕೊಂಡು ಹಾಗೇ ಇಡದೆ ಗಾಲಿ, ಸೈಲೆನ್ಸರ್, ಸ್ಪ್ರಿಂಗು ಬದಲಿಸುವ ಹುಚ್ಚು ನಮ್ಮ ಹುಡುಗರಿಗೆ ಹತ್ತಿದ್ದು ಇಂಥ ಕಾರುಗಳಿಂದ. ಈಚೆಗೆ, 2022ರಲ್ಲಿ ಬಂದ ಸ್ಕೋಡಾ ಸ್ಲಾವಿಯಾ ಮತ್ತು ಫೋಕ್ಸ್‌ವ್ಯಾಗನ್ ವರ್ಟಸ್‌ಗಳ 1.5 ಲೀಟರ್ ಟರ್ಬೊ ಎಂಜಿನ್ನು 150 ಅಶ್ವಶಕ್ತಿಯದು. 2023ರ ಹ್ಯುಂಡೈ ವೆರ್ನಾ ಟರ್ಬೊ 160ಕ್ಕೆ ಏರಿತು. ಜಟಕಾ ಬಂಡಿಗೆ ಒಂದೇ ಕುದುರೆ ಸಾಕಾಗುತ್ತಿದ್ದ ಊರಲ್ಲಿ ಈಗ ನೂರಾ ಅರವತ್ತು ಕುದುರೆಗಳು.

ಮೊದಲು ಗುಣವನ್ನು ಹೇಳಬೇಕು. ಇದು ಶೋಕಿಯ ಕಾರು ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಗದಗ-ಬೆಟಗೇರಿಯಲ್ಲಿ ಮನೆ ಮಾಡಿಕೊಂಡು ಮುಂಡರಗಿಯ ಶಾಲೆಗೋ ಬ್ಯಾಂಕಿಗೋ ದಿನಾ ಹೋಗಿಬರುವ ಹೆಣ್ಣುಮಗಳನ್ನು ನೆನೆಯಿರಿ. ಹೋಗುತ್ತ ಸುಮಾರು 40, ಬರುತ್ತ 40 ಕಿಲೋಮೀಟರು. ಮುಂದೆ ಕಬ್ಬು ಹೇರಿದ ಎರಡು ಟ್ರೇಲರಿನ ಟ್ರ್ಯಾಕ್ಟರು, ಎದುರಿಗೆ ಬಸ್ಸು. ಟರ್ಬೊ ಎಂಜಿನ್ನು ಕಡಿಮೆ ಸುತ್ತಿನಲ್ಲಿಯೇ ಬಲ ಕೊಡುವುದರಿಂದ ಅಂಥ ಟ್ರ್ಯಾಕ್ಟರನ್ನು ದಾಟುವ ಹೊತ್ತು ಕಡಿಮೆಯಾಗುತ್ತದೆ. ಎದುರು ಬದಿಯಲ್ಲಿ ಕಳೆಯುವ ಒಂದೊಂದು ಕ್ಷಣವೂ ಅಪಾಯದ್ದೇ ಆಗಿರುವಾಗ ಇದು ಸಣ್ಣ ಗುಣವಲ್ಲ. ಕಾರು ತಗ್ಗಾಗಿರುವುದರಿಂದ ತಿರುವಿನಲ್ಲಿ ಓಲಾಡುವುದಿಲ್ಲ. ಡಿಕ್ಕಿಯಂತೂ 500 ಲೀಟರಿಗಿಂತ ದೊಡ್ಡದು. ಮದುವೆ ಜವಳಿ ತರಲಿಕ್ಕೂ ಬುತ್ತಿ ಕಟ್ಟಿಕೊಂಡು ಗೋವಾಕ್ಕೆ ಹೋಗಲಿಕ್ಕೂ ಸಾಕು.

ಇನ್ನು ದೋಷ. ಈ ಕಾರುಗಳ ನಿಜವಾದ ಪರೀಕ್ಷೆ ನಡೆಯುವುದು ವೇಗದಲ್ಲಲ್ಲ, ನಮ್ಮ ಹಂಪುಗಳ ಮೇಲೆ. ರಸ್ತೆ ಶಾಸ್ತ್ರದ ಪ್ರಕಾರ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಎಂದರೆ ಆನೆಯ ಬೆನ್ನಿನ ಹಾಗೆ ಮೆಲ್ಲಗೆ ಏರಿ ಮೆಲ್ಲಗೆ ಇಳಿಯಬೇಕು. ನಮ್ಮ ಹಳ್ಳಿಯವರು ಒಂದು ಅಪಘಾತವಾದ ಸಿಟ್ಟಿನಲ್ಲಿ ರಾತ್ರೋರಾತ್ರಿ ಹಾಕುವ ಹಂಪು ಆನೆಯದಲ್ಲ, ಒಂಟೆಯದು. ವರ್ಟಸ್, ಸ್ಲಾವಿಯಾಗಳ ಹೊಟ್ಟೆಗೂ ನೆಲಕ್ಕೂ ನಡುವೆ 179 ಮಿಲಿಮೀಟರು, ವೆರ್ನಾ ಮತ್ತು ಸಿಟಿಗಳಲ್ಲಿ 165. ಇದು ಖಾಲಿ ಕಾರಿನ ಲೆಕ್ಕ. ಐದು ಜನ ಕೂತು, ಡಿಕ್ಕಿಯಲ್ಲಿ ಜೋಳದ ಚೀಲ ಇಟ್ಟ ಮೇಲೆ ಸ್ಪ್ರಿಂಗು ಕುಗ್ಗಿ ಇದು ಇನ್ನೂ ತಗ್ಗುತ್ತದೆ. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಎರಡೂವರೆ ಮೀಟರಿಗಿಂತ ಹೆಚ್ಚು ಅಂತರ. ಮುಂದಿನ ಗಾಲಿ ಹಂಪು ಇಳಿದು, ಹಿಂದಿನದು ಇನ್ನೂ ಏರದಿರುವಾಗ ನಡುವಿನ ಹೊಟ್ಟೆ ಕರ್ ಎಂದು ಉಜ್ಜುತ್ತದೆ. ಆಗ "ನೀವೆಲ್ಲ ಸ್ವಲ್ಪ ಇಳೀರಿ" ಎಂದು ಹೇಳಿಸಿಕೊಂಡು ಬಿಸಿಲಲ್ಲಿ ಇಳಿದು ನಿಲ್ಲುವವರು ಯಾರೆಂದು ಹೇಳಬೇಕಾಗಿಲ್ಲ.

ಇಂಥ ಕಾರನ್ನು ಇನ್ನಷ್ಟು ತಗ್ಗಿಸುವುದೇ ಸೊಗಸು ಎಂಬ ಮತವೊಂದಿದೆ. ನಮ್ಮಣ್ಣನ ಮಗ ಒಮ್ಮೆ ನನಗೆ ತಿಳಿಹೇಳಿದ: "ಅತ್ತಿ, ಸ್ಪ್ರಿಂಗ್ ಬದಲಿ ಮಾಡಿಸಿದ್ರ ಗಾಡಿ ನೆಲಕ್ಕ ಕೂತಂಗ ಕಾಣ್ತದ." ನಾನೆಂದೆ: "ಕೂತಂಗ ಕಾಣೂದಲ್ಲಪ್ಪಾ, ಶಿರಹಟ್ಟಿ ದಾರ್‍ಯಾಗ ಖರೇನ ಕೂಡ್ತದ." ಸುಗ್ಗಿಯ ಕಾಲದಲ್ಲಿ ನಮ್ಮ ರಸ್ತೆಗಳ ಮೇಲೆ ರಾಶಿಗೆಂದು ಬೆಳೆ ಹರವಿರುತ್ತಾರೆ. ಒಣಗಿದ ಕಡ್ಡಿ ತಗ್ಗಾದ ಕಾರಿನ ಅಡಿ ಸಿಕ್ಕಿಕೊಂಡು ಕಾದ ಸೈಲೆನ್ಸರಿಗೆ ತಗುಲಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಮಳೆ ಬಿದ್ದ ಮೇಲೆ ಎರೆ ಹೊಲದ ಅಂಚಿಗೆ ಇಳಿಸಿದ ಕಾರು ಹೊಟ್ಟೆ ಕೊಟ್ಟು ಮಲಗುತ್ತದೆ. ಅದನ್ನು ಎಬ್ಬಿಸಲು ಮತ್ತೆ ಟ್ರ್ಯಾಕ್ಟರೇ ಬರಬೇಕು.

ಗಾಲಿಯ ಮಾತೂ ಹಾಗೆಯೇ. ವರ್ಟಸ್‌ಗೆ ಬರುವ 205/55 ಟೈರಿನಲ್ಲಿ ಗಾಲಿಯ ಲೋಹಕ್ಕೂ ನೆಲಕ್ಕೂ ನಡುವೆ ಸುಮಾರು 11 ಸೆಂಟಿಮೀಟರ್ ರಬ್ಬರು ಇರುತ್ತದೆ. ಚಂದಕ್ಕೆಂದು ದೊಡ್ಡ ಅಲಾಯ್ ಹಾಕಿಸಿ 45ರ ಟೈರು ತೊಡಿಸಿದರೆ ಅದು ಸುಮಾರು 9ಕ್ಕೆ ಇಳಿಯುತ್ತದೆ. ಕಳೆದುಕೊಂಡ ಆ ಎರಡು ಸೆಂಟಿಮೀಟರೇ ತಗ್ಗಿನ ಪೆಟ್ಟನ್ನು ತಾನು ತಿಂದು ನಮ್ಮ ಬೆನ್ನನ್ನು ಕಾಯುತ್ತಿತ್ತು. ಎಂದರೆ ಗಾಲಿ ಮಿಂಚಿದಷ್ಟೂ ಮನೆಯ ಹಿರಿಯರಿಗೆ ಮುಲಾಮು ಹೆಚ್ಚು ಬೇಕು.

ಸದ್ದಿನ ಸೈಲೆನ್ಸರ್ ಬಗ್ಗೆ ಬರೆಯಲೇ ಬೇಸರ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿಗೂ ಸೇರಿತು. ಅಷ್ಟು ದೂರದಿಂದ ಬಂದ ಅತಿಥಿಗಳನ್ನು ನೋಡಲು ಢಂ ಢಂ ಎನ್ನುತ್ತ ಹೋಗುವುದು ಎಂಥ ಸಂಸ್ಕಾರ? ಕಾನೂನೂ ಇದಕ್ಕೆ ಒಪ್ಪುವುದಿಲ್ಲ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ ಅಥವಾ ಎರಡನ್ನೂ ವಿಧಿಸಬಹುದು. ಎಂಜಿನ್ನಿನ ಕಂಪ್ಯೂಟರನ್ನು ತಿದ್ದಿಸಿ ಇನ್ನಷ್ಟು ಕುದುರೆ ಕಟ್ಟುವವರು ವಾರಂಟಿಯನ್ನೂ ಬಿಟ್ಟುಕೊಡಲು ಸಿದ್ಧರಿರಬೇಕು.

ಹಾಗಾದರೆ ಕಾರಿನಲ್ಲಿ ಏನನ್ನೂ ಮುಟ್ಟಬಾರದೆ? ಮುಟ್ಟಬೇಕು, ಆದರೆ ಮೊದಲು ಮುಟ್ಟಬೇಕಾದದ್ದು ಸೀಟನ್ನು. ವರ್ಟಸ್, ಸ್ಲಾವಿಯಾ, ವೆರ್ನಾಗಳು 2023ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಅಪಘಾತ ಪರೀಕ್ಷೆಯಲ್ಲಿ ಐದು ನಕ್ಷತ್ರ ಪಡೆದವು. ಸಂತೋಷ. ಆದರೆ ಆ ಪರೀಕ್ಷೆಯಲ್ಲಿ ಮುಂದಿನ ಸೀಟಿನಲ್ಲಿ ಕೂಡ್ರಿಸುವ ಬೊಂಬೆ ಗಂಡಸಿನದು. ಸುಮಾರು 175 ಸೆಂಟಿಮೀಟರ್ ಎತ್ತರ, 78 ಕಿಲೋ ತೂಕ. ನಮ್ಮ ದೇಶದ ಹೆಣ್ಣುಮಕ್ಕಳ ಸರಾಸರಿ ಎತ್ತರ ಸುಮಾರು 152 ಸೆಂಟಿಮೀಟರ್. ಕಾಲು ಪೆಡಲಿಗೆ ಎಟುಕಲೆಂದು ನಾವು ಸೀಟು ಮುಂದೆ ಎಳೆದುಕೊಳ್ಳುತ್ತೇವೆ, ಏರ್‌ಬ್ಯಾಗು ಎದೆಗೆ ಹತ್ತಿರವಾಗುತ್ತದೆ. ಸ್ಟಿಯರಿಂಗಿನ ನಡುವಿನಿಂದ ಎದೆಗೆ 25 ಸೆಂಟಿಮೀಟರಾದರೂ ಅಂತರವಿರಬೇಕು. ಅಂಗಡಿಯಲ್ಲಿಯೇ ಕೂತು, ಸೀಟು ಎತ್ತರಿಸಿ, ಸ್ಟಿಯರಿಂಗ್ ಸರಿಸಿ ಅಳೆದು ನೋಡಿ. ಒಂದು ಗೇಣಿಗಿಂತ ತುಸು ಹೆಚ್ಚು ಎಂದು ನೆನಪಿಡಿ. ಆ ಅಂತರ ಸಿಗದ ಕಾರು ಎಷ್ಟೇ ಓಡಲಿ, ನಮಗೆ ಹೊಂದುವ ಕಾರಲ್ಲ.

ಕಾರು ಮನೆಗೆ ಬಂದ ದಿನವೇ ಹಾಕಿಸುವ ಸೀಟ್ ಕವರಿನಲ್ಲೂ ಎರಡು ಅಪಾಯಗಳಿವೆ. ಸೀಟಿನ ಪಕ್ಕದಿಂದ ಬಿಚ್ಚಿಕೊಳ್ಳಬೇಕಾದ ಏರ್‌ಬ್ಯಾಗಿಗೆ ಅದು ಅಡ್ಡಿಯಾಗಬಹುದು. ಹಿಂದಿನ ಬೆಲ್ಟಿನ ಕೊಂಡಿಗಳನ್ನು ತನ್ನಡಿ ಹೂತುಹಾಕುತ್ತದೆ. ಉದ್ಯಮಿ ಸೈರಸ್ ಮಿಸ್ತ್ರಿ 2022ರ ಸೆಪ್ಟೆಂಬರಿನಲ್ಲಿ ತೀರಿಕೊಂಡದ್ದು ಬಹು ಬೆಲೆಯ ಕಾರಿನ ಹಿಂದಿನ ಸೀಟಿನಲ್ಲಿ, ಬೆಲ್ಟು ಹಾಕದೆ ಕೂತಾಗ. ಸೀರೆ ಮುದುಡೀತೆಂದು ಬೆಲ್ಟು ಬಿಡುವ ನಮ್ಮವರಿಗೆ ಇದನ್ನು ಹೇಳಲೇಬೇಕು.

ಆಮೇಲೆ ದೀಪ. ಹ್ಯಾಲೊಜೆನ್ ಬಲ್ಬಿಗೆಂದೇ ಮಾಡಿದ ಬುಡ್ಡಿಯೊಳಗೆ ಕಣ್ಣು ಕುಕ್ಕುವ ಬಿಳಿ ಎಲ್‌ಇಡಿ ತುರುಕಿದರೆ ಬೆಳಕು ಚೆಲ್ಲಾಪಿಲ್ಲಿಯಾಗಿ ಎದುರಿನವನ ಕಣ್ಣಿಗೆ ಬೀಳುತ್ತದೆ. ದೀಪವಿಲ್ಲದ ಎತ್ತಿನ ಗಾಡಿಯನ್ನು ಅವನು ಕಾಣದೆ ಹೋದರೆ ಪಾಪ ಯಾರಿಗೆ? ಗಾಜಿನ ಮಾತೂ ಇಷ್ಟೇ: ಮುಂದಿನ, ಹಿಂದಿನ ಗಾಜಿನಲ್ಲಿ ಶೇಕಡಾ 70, ಪಕ್ಕದವುಗಳಲ್ಲಿ ಶೇಕಡಾ 50 ಬೆಳಕು ಹಾಯಲೇಬೇಕು. ಕಪ್ಪು ಗಾಜಿನೊಳಗಿಂದ ರಾತ್ರಿ ಪಕ್ಕದ ಕನ್ನಡಿಯಲ್ಲಿ ನಮಗೇ ಏನೂ ಕಾಣುವುದಿಲ್ಲ. ಕೈಯಲ್ಲಿ ದುಡ್ಡಿದ್ದರೆ ಕಂಪನಿ ಹೇಳಿದ ಅಳತೆಯ ಒಳ್ಳೆಯ ಟೈರು, ಹೊಸ ಬ್ರೇಕ್ ಪ್ಯಾಡು, ಅಡಿಯಲ್ಲಿ ಎಂಜಿನ್ನನ್ನು ಕಾಯುವ ತಗಡು ಗಟ್ಟಿಯಾಗಿದೆಯೇ ಎಂಬ ತಪಾಸಣೆ, ಇವಕ್ಕೆ ಹಾಕಿ. ಈ ಖರ್ಚು ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದಲೇ ಯಾರೂ ಮಾಡುವುದಿಲ್ಲ.

ಕೊಳ್ಳುವ ಮುಂಚೆ ಟ್ರಯಲ್ ಕೊಡುತ್ತಾರಲ್ಲ, ಅದನ್ನು ಅವರು ತೋರಿಸುವ ನುಣುಪಾದ ಹೆದ್ದಾರಿಯಲ್ಲಿ ಮಾಡಬೇಡಿ. ಹಂಪು, ತಗ್ಗು ಎರಡೂ ಇರುವ ದಾರಿಯನ್ನು ನೀವೇ ಆರಿಸಿ. ಮನೆಯಲ್ಲಿ ಎಲ್ಲರಿಗಿಂತ ಹಿರಿಯ ಹೆಂಗಸನ್ನು ಕರೆದುಕೊಂಡು ಹೋಗಿ ಹಿಂದೆ ಕೂಡ್ರಿಸಿ. ಈ ಕಾರುಗಳ ಮಾಳಿಗೆ ಹಿಂದಕ್ಕೆ ಇಳಿಜಾರು, ಸೀಟೂ ತಗ್ಗು. ಮೊಣಕಾಲು ನೋವಿನವರಿಗೆ ಕೂಡ್ರುವುದಕ್ಕಿಂತ ಏಳುವುದೇ ಕಷ್ಟ. ಡಂಬಳದ ದೊಡ್ಡಬಸಪ್ಪನ ಗುಡಿಯ ನಕ್ಷತ್ರಾಕಾರದ ಗೋಡೆ ನೋಡಿಕೊಂಡು, ಮುಂಡರಗಿ ದಾಟಿ ಸಿಂಗಟಾಲೂರ ವೀರಭದ್ರನವರೆಗೆ ಹೋಗಿ, ಇಳಿಯುವಾಗ ಅವರು ಯಾರ ಕೈಯನ್ನೂ ಹಿಡಿಯದೆ ಎದ್ದು ನಿಂತರೆ ಆ ಕಾರು ಪಾಸು. ಇನ್ನೊಂದು ರವಿವಾರ ಮುಳಗುಂದದ ಮೇಲೆ ಲಕ್ಷ್ಮೇಶ್ವರಕ್ಕೆ ಹೋಗಿ, ಸೋಮೇಶ್ವರನ ದರ್ಶನ ಮಾಡಿ, ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ನಮಸ್ಕರಿಸಿ ಬರುವಾಗ ಸ್ಟಿಯರಿಂಗು ನಿಮ್ಮ ಕೈಯಲ್ಲಿರಲಿ.

ಓಟದ ಕಾರನ್ನು ನಾನು ಬೇಡವೆನ್ನುವುದಿಲ್ಲ. ಕಂಪನಿಯ ಎಂಜಿನಿಯರುಗಳು ನೂರು ಸಲ ಅಳೆದು ಮಾಡಿದ್ದನ್ನು ನಾಲ್ಕು ಜನ ತಿರುಗಿ ನೋಡಲೆಂದು ಕೆಡಿಸುವುದು ಬೇಡ ಎನ್ನುತ್ತೇನೆ, ಅಷ್ಟೇ. ಕಂತು ಕಟ್ಟುವ ಐದು ವರ್ಷ ಮನೆಯ ಹೆಂಗಸೂ ಖರ್ಚು ಬಿಗಿಹಿಡಿಯುತ್ತಾಳೆ. ಎಂದ ಮೇಲೆ ಬಣ್ಣದ ಜೊತೆಗೆ ಸ್ಪ್ರಿಂಗು, ಟೈರು, ಸೀಟುಗಳ ಮಾತನ್ನೂ ಅವಳು ಆಡಬೇಕು.