ಪ್ರತಿವಿಷದ ಪಟ್ಟ ಯಾರಿಗೆ?

ನರವಿಷದ ಚಿಕಿತ್ಸೆಯನ್ನು ವಿವರಿಸುವ ಪಠ್ಯಗಳು ಪ್ರಾಲಿಡಾಕ್ಸಿಮ್‌ಗೆ ನಿಜವಾದ ಪ್ರತಿವಿಷವೆಂಬ ಪಟ್ಟ ಕಟ್ಟಿ, ಅಟ್ರೊಪಿನ್ ಲಕ್ಷಣಗಳನ್ನಷ್ಟೇ ತಗ್ಗಿಸುತ್ತದೆಂದು ಅದನ್ನು ಕೆಳಗಿನ ಸಾಲಿನಲ್ಲಿ ಕೂರಿಸುತ್ತ ಬಂದಿವೆ. ಸಾರಿನ್‌ನಂಥ ವಿಷವು ನರಸಂದೇಶಕ್ಕೆ ಕೊನೆ ಹಾಡುವ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವಕ್ಕೆ ಅಂಟಿ ಅದನ್ನು ನಿಷ್ಕ್ರಿಯಗೊಳಿಸುವುದೂ, 1955ರಲ್ಲಿ ವಿಲ್ಸನ್ ಮತ್ತು ಗಿನ್ಸ್‌ಬರ್ಗ್ ಪ್ರಕಟಿಸಿದ ಪ್ರಾಲಿಡಾಕ್ಸಿಮ್ ಆ ಹಿಡಿತವನ್ನು ಬಿಡಿಸುವುದೂ ತಿಳಿದ ಸಂಗತಿಗಳೇ. ಆದರೆ ಹೊತ್ತು ಮೀರಿದರೆ ಹಿಡಿತವು ಬಿಡಿಸಲಾಗದಂತೆ ಗಟ್ಟಿಯಾಗುತ್ತದೆ; 'ಏಜಿಂಗ್' ಎನ್ನಲಾಗುವ ಈ ಕ್ರಿಯೆಗೆ ಸಾರಿನ್‌ನಲ್ಲಿ ಕೆಲವು ಗಂಟೆಗಳು ಬೇಕಾದರೆ ಸೋಮನ್ ಎಂಬ ನರವಿಷದಲ್ಲಿ ಕೆಲವೇ ನಿಮಿಷಗಳು ಸಾಕು.

ರೋಗಿಯ ಪ್ರಾಣಕ್ಕೆ ಮೊದಲು ಎರವಾಗುವುದು ಉಸಿರಾಟದ ಸೋಲು. ಶ್ವಾಸನಾಳದಲ್ಲಿ ತುಂಬುವ ಸ್ರಾವವನ್ನೂ ನಾಳದ ಸಂಕೋಚವನ್ನೂ ತಡೆಯುವುದು ಅಟ್ರೊಪಿನ್. ಸ್ನಾಯುಗಳು ಸೋತಾಗ ಮಾತ್ರ ಅದು ನಿರುಪಾಯ, ಅಲ್ಲಿ ಕೃತಕ ಉಸಿರಾಟವೇ ಬೇಕು. ಅಟ್ರೊಪಿನ್‌ನ ಕೌಶಲವೆಲ್ಲ ಎಲ್ಲಿ ನಿಲ್ಲಿಸಬೇಕೆಂಬ ನಿರ್ಣಯದಲ್ಲಿದೆ. ಕಣ್ಣಿನ ಪಾಪೆ ಹಿಗ್ಗುವವರೆಗೆ ಕೊಡಬೇಕೆಂಬ ಹಳೆಯ ಅಭ್ಯಾಸವು, ಆವಿ ನೇರವಾಗಿ ಕಣ್ಣಿಗೆ ತಗುಲಿದವರಲ್ಲಿ ದಾರಿ ತಪ್ಪಿಸುತ್ತದೆ, ಏಕೆಂದರೆ ರಕ್ತಕ್ಕೆ ಸಾಕಷ್ಟು ಔಷಧ ಸೇರಿದ ಮೇಲೂ ಆ ಪಾಪೆ ಕುಗ್ಗಿಯೇ ಇರಬಹುದು. ಕೇಳಬೇಕಾದದ್ದು ಎದೆಯ ಸದ್ದು. ತೀವ್ರ ವಿಷಬಾಧೆಯಲ್ಲಿ ಸುಮಾರು ಐದು ನಿಮಿಷಕ್ಕೊಮ್ಮೆ ಪ್ರಮಾಣವನ್ನು ಇಮ್ಮಡಿಸುತ್ತ, ಶ್ವಾಸಕೋಶದ ಗೊರಗೊರ ನಿಂತು ಉಸಿರು ಸಲೀಸಾಗುವವರೆಗೆ ಮುಂದುವರಿಸುವ ಕ್ರಮಕ್ಕೆ ಹೋಲಿಸಿದರೆ, ಸೈನಿಕನ ಜೇಬಿನ ಸ್ವಯಂಚಾಲಿತ ಸೂಜಿಯಲ್ಲಿರುವ ಸುಮಾರು 2 ಮಿಲಿಗ್ರಾಂ ಬರಿಯ ಆರಂಭ.

1995ರ ಟೋಕಿಯೊ ಸುರಂಗರೈಲಿನ ಸಾರಿನ್ ದಾಳಿಯನ್ನು ಪ್ರಾಲಿಡಾಕ್ಸಿಮ್‌ನ ವಿಜಯವೆಂದು ಓದುವವರು, ಆಸ್ಪತ್ರೆಗೆ ಬಂದ ಬಹುಪಾಲು ಜನರ ಬಾಧೆ ಸೌಮ್ಯವಾಗಿತ್ತೆಂಬುದನ್ನೂ, ಹೋಲಿಸಿ ನೋಡಲು ಆ ಔಷಧ ಪಡೆಯದ ಸಮಾನ ಗುಂಪು ಇರಲಿಲ್ಲವೆಂಬುದನ್ನೂ ಮರೆಯುತ್ತಾರೆ. ಭಾರತದಲ್ಲಿ ಇದೇ ವಾದ ಕೀಟನಾಶಕದ ಅಂಗಳದಲ್ಲಿ ನಡೆದಿದೆ. ಆರ್ಗನೊಫಾಸ್ಫರಸ್ ಕೀಟನಾಶಕಗಳು ನರವಿಷಗಳ ದಾಯಾದಿಗಳೇ. ಬಾರಾಮತಿಯ 200 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಗಂಟೆಗೆ 1 ಗ್ರಾಂನಂತೆ ಸತತ ಪ್ರಾಲಿಡಾಕ್ಸಿಮ್ ಪಡೆದವರಲ್ಲಿ ಸಾವು ಕಡಿಮೆಯಾಯಿತು. 2009ರ ಶ್ರೀಲಂಕಾದ ಪ್ರಯೋಗದಲ್ಲಿ 235 ರೋಗಿಗಳಿದ್ದು, ಕಿಣ್ವ ಚೇತರಿಸಿದರೂ ಸಾವು ಇಳಿಯಲಿಲ್ಲ. ಔಷಧದ ಪಕ್ಷಪಾತಿಗಳು ಮೊದಲನೆಯದನ್ನೇ ಜಪಿಸಿ, ಎರಡನೆಯದರ ರೋಗಿಗಳು ತಡವಾಗಿ ಬಂದವರೆಂದು ಕೈ ತೊಳೆದುಕೊಳ್ಳುತ್ತಾರೆ. ಈ ಆಕ್ಷೇಪದಲ್ಲಿ ಹುರುಳಿಲ್ಲವೆಂದಲ್ಲ; ಆದರೆ ಹಳ್ಳಿಯಿಂದ ಆಸ್ಪತ್ರೆಗೆ ತಡವಾಗಿ ಬರುವುದೇ ಇಲ್ಲಿನ ವಾಡಿಕೆಯಾಗಿರುವಾಗ, ಬೇಗ ಬಂದವರಿಗಷ್ಟೇ ಫಲಿಸುವ ಔಷಧಕ್ಕೆ ಪ್ರಧಾನ ಪೀಠವೇಕೆಂಬ ಪ್ರಶ್ನೆಗೆ ಅವರ ಬರಹಗಳಲ್ಲಿ ಉತ್ತರ ದೊರೆಯುವುದಿಲ್ಲ.