ಕಾವಲು, ಒಡೆತನ, ಉತ್ತರಾಧಿಕಾರ: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ಪಶುಪಾಲಕ ಕಾವ್ಯಗಳ ಒಂದು ಓದು

1

ಕರ್ನಾಟಕದಲ್ಲಿ ದೊರೆತಿರುವ ಅತಿ ಪ್ರಾಚೀನ ಬರಹಗಳಲ್ಲಿ ಅಶೋಕನ ಶಾಸನಗಳು ಮುಖ್ಯವಾದುವು. ಅವುಗಳಲ್ಲಿ ಮೂರು ಮೊಳಕಾಲ್ಮೂರು ತಾಲ್ಲೂಕಿನಲ್ಲಿಯೇ ಇವೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳ ಈ ಬಂಡೆಬರಹಗಳನ್ನು 1892ರಲ್ಲಿ ಬಿ. ಎಲ್. ರೈಸ್ ಬೆಳಕಿಗೆ ತಂದರು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನು ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆ ಅಲ್ಲಿದೆ. ಪ್ರಭುತ್ವದ ಬರಹ ಇಷ್ಟು ಹಿಂದೆಯೇ ಕಾಲಿಟ್ಟ ಇದೇ ನೆಲದಲ್ಲಿ, ಬರಹವನ್ನೇ ಆಶ್ರಯಿಸದ ದೊಡ್ಡ ಕಾವ್ಯಪರಂಪರೆಯೊಂದು ಮ್ಯಾಸಬೇಡರ ಮತ್ತು ಕಾಡುಗೊಲ್ಲರ ಹಟ್ಟಿಗಳಲ್ಲಿ ಬಾಳಿಕೊಂಡು ಬಂದಿದೆ. ನೆಲದ ಮೇಲಿನ ಹಕ್ಕು ಯಾರಿಂದ ಯಾರಿಗೆ ಬರುತ್ತದೆ ಎಂಬ ಪ್ರಶ್ನೆಗೆ ಈ ಎರಡು ಪರಂಪರೆಗಳು ಕೊಡುವ ಉತ್ತರಗಳು ಒಂದೇ ಅಲ್ಲ. ಆ ವ್ಯತ್ಯಾಸವನ್ನು ಗುರುತಿಸಿ, ಮೌಖಿಕ ಕಾವ್ಯಗಳ ಸಂಪಾದನೆ ಮತ್ತು ವಿಮರ್ಶೆಗಳ ಮೇಲೆ ಅದು ಹೊರಿಸುವ ಹೊಣೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಚಿತ್ರದುರ್ಗ ಸೀಮೆಯ ಚರಿತ್ರೆಯೆಂದರೆ ಸಾಮಾನ್ಯವಾಗಿ ಪಾಳೆಯಗಾರರ ಚರಿತ್ರೆ. ಪಾಳೆಯಗಾರರ ಚರಿತ್ರೆಯೆಂದರೆ ಬಹುಮಟ್ಟಿಗೆ ಪಟ್ಟದ ಚರಿತ್ರೆ. ಹದಿನೇಳನೆಯ ಶತಮಾನದ ಕೊನೆಯ ದಶಕಗಳಲ್ಲಿ ದುರ್ಗದ ಗದ್ದುಗೆ ಕೆಲವೇ ವರ್ಷಗಳಲ್ಲಿ ಕೈಯಿಂದ ಕೈಗೆ ಜಾರಿತು. ದಳವಾಯಿ ಮುದ್ದಣ್ಣನಂಥವರು ನಾಯಕರನ್ನು ಏರಿಸುವ, ಇಳಿಸುವ ಶಕ್ತಿಗಳಾದರು. 1689ರಲ್ಲಿ ಭರಮಣ್ಣನಾಯಕನು ಪಟ್ಟಕ್ಕೆ ಬಂದ ಮೇಲೆಯೇ ಆ ಕಲಹ ತಣ್ಣಗಾದುದು. ಚಳ್ಳಕೆರೆ ತಾಲ್ಲೂಕಿನ ತಳುಕಿನ ಮನೆತನಕ್ಕೆ ಸೇರಿದ ತ. ರಾ. ಸುಬ್ಬರಾವ್ ಅವರು ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಕಾದಂಬರಿಗಳಿಗೆ ಆರಿಸಿಕೊಂಡದ್ದು ಈ ಕಾಲದ ಅರಮನೆಯ ಕಲಹವನ್ನೇ. 1985ರಲ್ಲಿ ಮರಣೋತ್ತರವಾಗಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ದುರ್ಗಾಸ್ತಮಾನ’ವೂ ಉತ್ತರಾಧಿಕಾರದ ಸಮಸ್ಯೆಯಿಂದಲೇ ತೆರೆದುಕೊಳ್ಳುತ್ತದೆ. ಸಂತಾನವಿಲ್ಲದೆ ತೀರಿಕೊಂಡ ಕಸ್ತೂರಿ ರಂಗಪ್ಪನಾಯಕನ ಸ್ಥಾನಕ್ಕೆ ಜಾನಕಲ್ಲಿನ ಹುಡುಗನೊಬ್ಬನನ್ನು ಕರೆತರಲಾಗುತ್ತದೆ. ಅವನೇ 1779ರಲ್ಲಿ ಹೈದರಾಲಿಯ ಸೆರೆಯಾದ ಕೊನೆಯ ಮದಕರಿನಾಯಕ.

ಈ ಕೃತಿಗಳ ಶಕ್ತಿ ಪ್ರಶ್ನಾತೀತವಾದುದು. ಆದರೆ ಅವುಗಳ ಕೇಂದ್ರದಲ್ಲಿರುವ ಪ್ರಶ್ನೆ ಒಂದೇ: ಗದ್ದುಗೆಯ ಮೇಲೆ ಯಾರು? ಗದ್ದುಗೆ ಯಾರದಾದರೂ ಅದರ ಅಡಿಯಲ್ಲಿ ಹುಲ್ಲು ಮೇಯಿಸುತ್ತ, ಹುಲ್ಲುಬನ್ನಿ ತೆರುತ್ತ, ಹಟ್ಟಿ ಬದಲಿಸುತ್ತ ಬದುಕಿದವರ ಪಾಲಿಗೆ ಏನು ಉಳಿಯಿತು ಎಂಬುದು ಈ ಚೌಕಟ್ಟಿನ ಹೊರಗೆ ನಿಲ್ಲುತ್ತದೆ. ಇದು ಕಾದಂಬರಿಕಾರರ ದೋಷವಲ್ಲ. ಅವರಿಗೆ ದೊರೆತ ವಂಶಾವಳಿ, ಕೈಫಿಯತ್ತು, ಬಖೈರುಗಳು ರಚಿತವಾದದ್ದೇ ಒಡೆಯನ ಹಕ್ಕನ್ನು ಸ್ಥಾಪಿಸುವ ಸಲುವಾಗಿ.

3

ಹಟ್ಟಿಯ ಕಾವ್ಯಗಳಲ್ಲಿ ‘ಉತ್ತರಾಧಿಕಾರ’ದ ಅರ್ಥವೇ ಪಲ್ಲಟಗೊಳ್ಳುತ್ತದೆ. ಮ್ಯಾಸಬೇಡರ ಸಾಂಸ್ಕೃತಿಕ ವೀರರಲ್ಲಿ ಒಬ್ಬನಾದ ಗಾದ್ರಿಪಾಲನಾಯಕನು ರಾಜ್ಯಕ್ಕಾಗಿ ಮಡಿದವನಲ್ಲ; ಹುಲಿಯೊಡನೆ ಹೋರಾಡಿ ಮಡಿದವನು. ಕಾಡುಗೊಲ್ಲರ ಜುಂಜಪ್ಪನ ಕಾವ್ಯದಲ್ಲಿ ಸೋದರಮಾವಂದಿರ ದ್ವೇಷ, ವಿಷಪ್ರಾಶನಗಳಿವೆ. ಹೊರನೋಟಕ್ಕೆ ಇದೂ ದಾಯಾದಿ ಕಲಹದ ಮಾದರಿಯೇ. ಆದರೆ ಅಲ್ಲಿ ಪಣಕ್ಕಿರುವುದು ಸಿಂಹಾಸನವಲ್ಲ, ದನ. ಜುಂಜಪ್ಪನ ಹಿರಿಮೆ ಅಳೆಯಲ್ಪಡುವುದು ಅವನು ಗೆದ್ದ ಊರುಗಳಿಂದಲ್ಲ, ಕಾಯ್ದ ಹಿಂಡಿನಿಂದ. ಅವನ ಬಡಮೈಲ ಎಂಬ ಹೋರಿಯೂ ಕಾವ್ಯದಲ್ಲಿ ಪಾತ್ರವೇ ಹೊರತು ಆಸ್ತಿಯಲ್ಲ.

ಆಚರಣೆಯ ಲೋಕವೂ ಇದನ್ನೇ ಸಮರ್ಥಿಸುತ್ತದೆ. ಮ್ಯಾಸಬೇಡರ ಗುಡಿಕಟ್ಟುಗಳಿಗೆ ಸೇರಿದ ದೇವರ ಎತ್ತುಗಳನ್ನು ನೇಗಿಲಿಗೆ ಹೂಡುವುದಿಲ್ಲ, ಸತ್ತರೆ ಹೂಳುತ್ತಾರೆ. ಅವುಗಳನ್ನು ನೋಡಿಕೊಳ್ಳುವ ಕಿಲಾರಿಯು ಒಡೆಯನಲ್ಲ, ಒಡೆಯ ದೇವರು. ಕಿಲಾರಿಗೆ ಹಿಂದಿನವರಿಂದ ಬರುವುದು ಕಾಯುವ ಹೊಣೆ. ದೇವರಾದರೂ ಎಲ್ಲಿದೆ? ಎಷ್ಟೋ ಗುಡಿಕಟ್ಟುಗಳಲ್ಲಿ ಅದು ಪೆಟ್ಟಿಗೆಯಲ್ಲಿದೆ. ಹಟ್ಟಿ ಎದ್ದರೆ ದೇವರೂ ಏಳುತ್ತದೆ. ಹೀಗೆ ಹಿಂಡು, ಪೆಟ್ಟಿಗೆ, ಹಾಡು ಇವು ಮೂರೂ ಹೊತ್ತೊಯ್ಯಬಲ್ಲ ಆಸ್ತಿಗಳು. ಹೊತ್ತೊಯ್ಯಲಾಗದ ನೆಲದೊಂದಿಗೆ ಅವುಗಳಿಗಿರುವ ನಂಟನ್ನು ಹಾಡು ಹೇಳಬೇಕು. ಹಟ್ಟಿ ಎಲ್ಲಿ ಇಳಿಯಿತು, ರೊಪ್ಪ ಎಲ್ಲಿ ಹಾಕಿದರು, ದನ ಯಾವ ಹಳ್ಳದಲ್ಲಿ ನೀರು ಕುಡಿದವು, ವೀರ ಎಲ್ಲಿ ಬಿದ್ದ, ಅವನ ಗುಡಿ ಎಲ್ಲಿ ಎದ್ದಿತು ಎಂಬ ವಿವರಗಳು ಕಾವ್ಯದಲ್ಲಿ ಮತ್ತೆ ಮತ್ತೆ ಬರುವುದು ಇದೇ ಕಾರಣಕ್ಕೆ. ವ್ಯಾಜ್ಯ ಬಂದಾಗ ಕಟ್ಟೆಮನೆಯಲ್ಲಿ ಹಿರಿಯರ ಮಾತೇ ಸಾಕ್ಷಿ. ಪತ್ರವಿಲ್ಲದ ಸಮಾಜದಲ್ಲಿ ಹಾಡೇ ಪತ್ರ.

4

ಈ ನಿಲುವಿನಿಂದ ನೋಡಿದಾಗ ಸಂಪಾದನೆಯ ಸಮಸ್ಯೆ ಬೇರೆಯೇ ರೂಪ ತಳೆಯುತ್ತದೆ. ತೀ. ನಂ. ಶಂಕರನಾರಾಯಣ, ಮೀರಾಸಾಬಿಹಳ್ಳಿ ಶಿವಣ್ಣ ಅವರ ಕಾಡುಗೊಲ್ಲ ಅಧ್ಯಯನಗಳು, ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಹಾಡುಗಳನ್ನು ಕೃಷ್ಣಮೂರ್ತಿ ಹನೂರು ಅವರು ಸಂಗ್ರಹಿಸಿದ ಕೆಲಸ, ಇವು ಈ ಸೀಮೆಯ ಮೌಖಿಕ ಪರಂಪರೆಗೆ ನಾಡಿನ ಗಮನವನ್ನು ತಂದುಕೊಟ್ಟವು. ಆದರೂ ಜನಪದ ಕಾವ್ಯವಿಮರ್ಶೆಯಲ್ಲಿ ಒಂದು ಅಭ್ಯಾಸ ಬೇರೂರಿದೆ. ವೀರನ ಜನನ, ಪರೀಕ್ಷೆ, ಮರಣ, ದೈವೀಕರಣಗಳನ್ನು ‘ಕಾವ್ಯ’ವೆಂದು ಎತ್ತಿಹಿಡಿಯುವುದು, ವಂಶದ ಹೆಸರುಗಳ ಸಾಲು, ಸ್ಥಳನಾಮಗಳ ಪಟ್ಟಿ, ಗುಡಿಕಟ್ಟಿನ ವಿವರಗಳನ್ನು ‘ಪುನರಾವರ್ತನೆ’ ಎಂದೋ ‘ನೀರಸ ಭಾಗ’ವೆಂದೋ ಬದಿಗಿಡುವುದು. ಪಠ್ಯಪುಸ್ತಕಕ್ಕೋ ಸಂಕಲನಕ್ಕೋ ಭಾಗಗಳನ್ನು ಆಯುವಾಗ ಮೊದಲು ಉದುರುವುದು ಈ ಪಟ್ಟಿಗಳೇ. ರಾಯದುರ್ಗದ ಗಡಿಗೆ ಹೊಂದಿಕೊಂಡ ಈ ಸೀಮೆಯ ಮ್ಯಾಸಬೇಡರ ಮನೆಮಾತಿನಲ್ಲಿ ತೆಲುಗಿನ ಅಂಶ ದಟ್ಟವಾಗಿದೆ. ಹಾಡನ್ನು ಕನ್ನಡಕ್ಕೆ ಒಗ್ಗಿಸುವಾಗ ಸ್ಥಳದ ಹೆಸರೊಂದು ತಿದ್ದುಪಡಿಗೊಂಡು ಗುರುತು ಕಳೆದುಕೊಳ್ಳುವ ಅಪಾಯವೂ ಇದೆ.

ಸೌಂದರ್ಯದ ಅಳತೆಗೋಲಿಗೆ ನೀರಸವೆನಿಸುವ ಭಾಗವೇ ಹಾಡಿನ ಒಡೆಯರಿಗೆ ಅತ್ಯಂತ ಬೆಲೆಯುಳ್ಳದ್ದು ಎಂಬುದನ್ನು ವಿಮರ್ಶೆ ಗಮನಿಸಬೇಕಾಗಿತ್ತು. ಅದನ್ನು ಗಮನಿಸುವಂತೆ ಮಾಡಿದ್ದು ಸಾಹಿತ್ಯ ಚರ್ಚೆಯಲ್ಲ, ನೆಲದ ವ್ಯಾಜ್ಯ.

5

‘ಕಾವಲು’ ಎಂಬ ಪದ ಈ ಸಂದರ್ಭದಲ್ಲಿ ಅರ್ಥಪೂರ್ಣವಾದುದು. ಅದು ಒಂದು ಸ್ಥಳದ ಹೆಸರಾಗಿರುವಂತೆ ಒಂದು ಕ್ರಿಯೆಯ ಹೆಸರೂ ಹೌದು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಯು ಟಿಪ್ಪುಸುಲ್ತಾನನ ಆಳ್ವಿಕೆಯಲ್ಲಿ ಅಮೃತಮಹಲ್ ಎಂದಾಯಿತು. ಸೈನ್ಯದ ಸಾಗಣೆಗೆ ಬೇಕಾದ ಎತ್ತುಗಳಿಗಾಗಿ ಮೀಸಲಾದ ಹುಲ್ಲುಗಾವಲುಗಳು ಅಮೃತಮಹಲ್ ಕಾವಲುಗಳಾದವು. 1799ರ ನಂತರ ಈ ಹಿಂಡುಗಳು ಕಂಪನಿಯ ಸೈನ್ಯದ ವಶಕ್ಕೆ ಹೋದವು, 1860ರಲ್ಲಿ ಮಾರಾಟವಾದವು, 1866ರಲ್ಲಿ ಮತ್ತೆ ಕಟ್ಟಲ್ಪಟ್ಟವು, 1882ರಲ್ಲಿ ಮೈಸೂರು ಸರ್ಕಾರಕ್ಕೆ ಬಂದವು. ಒಡೆಯರು ಬದಲಾದಂತೆ ದಾಖಲೆ ಕೈ ಬದಲಾಯಿಸಿತು. ಸುತ್ತಲಿನ ಹಳ್ಳಿಗಳ ದನಕುರಿಗಳು ಮಾತ್ರ ಅದೇ ಹುಲ್ಲನ್ನು ಮೇಯುತ್ತಲೇ ಇದ್ದವು.

2008ರ ನಂತರದ ಎರಡು ಮೂರು ವರ್ಷಗಳಲ್ಲಿ ಚಳ್ಳಕೆರೆ ತಾಲ್ಲೂಕಿನ ವರವು, ಖುದಾಪುರ, ಉಳ್ಳಾರ್ತಿ ಮೊದಲಾದ ಕಾವಲುಗಳ ಸುಮಾರು 10,000 ಎಕರೆ ಭೂಮಿಯನ್ನು ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಮತ್ತು ವಿಜ್ಞಾನ ಸಂಸ್ಥೆಗಳಿಗೂ ಇತರ ಯೋಜನೆಗಳಿಗೂ ನೀಡಲಾಯಿತು. ವರವು ಕಾವಲಿನಲ್ಲಿ 4,290 ಎಕರೆ ಡಿಆರ್‌ಡಿಒಗೆ ಹೋಯಿತು; ಖುದಾಪುರದಲ್ಲಿ 1,500 ಎಕರೆ ಭಾರತೀಯ ವಿಜ್ಞಾನ ಸಂಸ್ಥೆಗೆ ದೊರೆಯಿತು. ಬೇಲಿ, ಗೋಡೆಗಳು ಎದ್ದಾಗ ಕುರಿಗಾರರೂ ಗ್ರಾಮಸ್ಥರೂ ಪ್ರತಿಭಟಿಸಿದರು. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋಯಿತು. 2014ರ ಆಗಸ್ಟ್‌ನಲ್ಲಿ ತೀರ್ಪು ಬಂದು, ಯೋಜನೆಗಳು ಷರತ್ತುಗಳೊಡನೆ ಮುಂದುವರಿದವು. 2017ರಲ್ಲಿ ವರವಿನ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಗೊಂಡಿತು. ಕಾವಲು ಅರಣ್ಯವೇ, ಬರಿಯ ಸರ್ಕಾರಿ ಜಮೀನೇ ಎಂಬುದು ವಾದದ ತಿರುಳುಗಳಲ್ಲಿ ಒಂದಾಗಿತ್ತು. ಪಹಣಿಯಲ್ಲಿ ಒಡೆಯನ ಹೆಸರು ಬರೆಯಲು ಕಲಂ ಇದೆ. ತಲೆಮಾರುಗಳಿಂದ ಕಾಯ್ದವನ, ಮೇಯಿಸಿದವನ ಹೆಸರು ಬರೆಯಲು ಕಲಂ ಇಲ್ಲ.

ಮಧ್ಯಯುಗದ ಇಂಗ್ಲೆಂಡಿನ ಮ್ಯಾನರ್ ವ್ಯವಸ್ಥೆಯೊಂದಿಗೆ ಇದನ್ನು ಹೋಲಿಸಿ ನೋಡುವುದು ಉಪಯುಕ್ತ. ಮ್ಯಾನರ್ ಎಂದರೆ ದೊರೆಯೊಬ್ಬನ ಜಹಗೀರು. ಅದರ ಒಡೆತನಕ್ಕಾಗಿ ವಾರಸುದಾರರು ಹೋರಾಡಿದ ಕತೆಗಳು ಅಲ್ಲಿಯೂ ಹೇರಳ. ಆದರೆ ಅದರೊಳಗಿನ ಬಂಜರಿನಲ್ಲಿ ಒಕ್ಕಲುಗಳಿಗೆ ದನ ಮೇಯಿಸುವ ರೂಢಿಯ ಹಕ್ಕಿತ್ತು. 1235ರ ಮರ್ಟನ್ ಶಾಸನವು ಬಂಜರಿಗೆ ಬೇಲಿ ಹಾಕಲು ದೊರೆಗೆ ಅವಕಾಶ ಕೊಟ್ಟಾಗಲೂ ಸ್ವತಂತ್ರ ಒಕ್ಕಲುಗಳಿಗೆ ಸಾಕಷ್ಟು ಹುಲ್ಲುಗಾವಲು ಉಳಿದಿರಬೇಕೆಂಬ ಕಟ್ಟಳೆಯನ್ನು ವಿಧಿಸಿತು. ಮ್ಯಾನರಿನ ನ್ಯಾಯಸಭೆಯಲ್ಲಿ ಊರಿನವರು ಪ್ರಮಾಣ ಮಾಡಿ ಹೇಳಿದ ರೂಢಿ ಸುರುಳಿಗಳಲ್ಲಿ ದಾಖಲಾಯಿತು. ಕಾಲಕ್ರಮದಲ್ಲಿ ಆ ಸುರುಳಿಯ ನಕಲೇ ರೈತನ ಹಕ್ಕುಪತ್ರವಾಯಿತು. ಮುಂದೆ ಆವರಣ ಕಾನೂನುಗಳು ಅಲ್ಲಿಯೂ ಬಯಲನ್ನು ನುಂಗಿದವು ಎಂಬುದು ನಿಜ. ಆದರೆ ನೆನಪು ದಾಖಲೆಯಾಗುವ ದಾರಿಯೊಂದು ಅಲ್ಲಿ ತೆರೆದಿತ್ತು. ಚಳ್ಳಕೆರೆಯಲ್ಲಿ ಕಟ್ಟೆಮನೆಯ ಮಾತು ಚಾವಡಿಯ ಕಡತವನ್ನು ಸೇರಲಿಲ್ಲ. ಅದು ಗಣೆಯ ಉಸಿರಿನಲ್ಲಿ ಉಳಿಯಿತು.

ಅಂಥ ದಾರಿ ಇಲ್ಲಿ ತಡವಾಗಿ ತೆರೆಯಿತು. 2006ರ ಅರಣ್ಯಹಕ್ಕು ಕಾಯ್ದೆ ಪಶುಪಾಲಕರ ಮೇವಿನ ಹಕ್ಕನ್ನು ಸಮುದಾಯದ ಹಕ್ಕಾಗಿ ಗುರುತಿಸಿತು. 2008ರ ನಿಯಮಗಳು ಬಾವಿ, ಸಮಾಧಿ, ಪವಿತ್ರಸ್ಥಳಗಳನ್ನೂ, ವಂಶಾವಳಿಯನ್ನೂ, ಬರಹಕ್ಕಿಳಿಸಿದ ಹಿರಿಯರ ಹೇಳಿಕೆಯನ್ನೂ ಸಾಕ್ಷ್ಯವೆಂದು ಒಪ್ಪಿದವು. ನಾಯಕ ಸಮುದಾಯ 1991ರಲ್ಲಿಯೇ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿತ್ತು. ಕಾಯ್ದೆ ಬಂದಾಗ ಆ ಪಟ್ಟಿಯಲ್ಲಿರದ ಕಾಡುಗೊಲ್ಲರಂಥವರು 75 ವರ್ಷಗಳ, ಅಂದರೆ ಮೂರು ತಲೆಮಾರಿನ, ನೆಲೆಯನ್ನು ರುಜುವಾತುಪಡಿಸಬೇಕಾಯಿತು. ವಿಮರ್ಶೆ ‘ನೀರಸ’ವೆಂದು ಬದಿಗಿಟ್ಟದ್ದು ಮತ್ತು ಕಾನೂನು ಸಾಕ್ಷ್ಯವಾಗಿ ಕೇಳಿದ್ದು ಹೆಚ್ಚುಕಡಿಮೆ ಒಂದೇ ವಸ್ತು ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

6

ಹಾಗೆಂದು ಮೌಖಿಕ ಕಾವ್ಯವನ್ನು ನಿರ್ವಿವಾದ ಹಕ್ಕುಪತ್ರವೆಂದು ತಿಳಿಯುವುದು ಇನ್ನೊಂದು ಬಗೆಯ ತಪ್ಪು. ಹಾಡುಗಾರನು ಸಭೆಯನ್ನು ನೋಡಿ ಹಾಡುತ್ತಾನೆ. ಪಾಠ ಹಟ್ಟಿಯಿಂದ ಹಟ್ಟಿಗೆ ಬದಲಾಗುತ್ತದೆ. ಒಂದೇ ಹಳ್ಳದ ಮೇಲೆ ಎರಡು ಸಮುದಾಯಗಳ ಹಾಡುಗಳು ಹಕ್ಕು ಸಾಧಿಸಬಹುದು. ವಂಶದ ಸಾಲಿನಲ್ಲಿ ಹೆಣ್ಣುಮಕ್ಕಳು ತಾಯಿಯಾಗಿ, ಸತಿಯಾಗಿ ಬರುತ್ತಾರೆಯೇ ಹೊರತು ವಾರಸುದಾರರಾಗಿ ಬರುವುದು ವಿರಳ. ಸಿರಿಯಜ್ಜಿಯಂಥ ಹೆಣ್ಣುಮಕ್ಕಳೇ ಪರಂಪರೆಯ ದೊಡ್ಡ ಪಾಲನ್ನು ನೆನಪಿನಲ್ಲಿ ಕಾಯ್ದಿದ್ದಾರೆ ಎಂಬುದರ ಎದುರಿಗೆ ಈ ಮೌನ ಇನ್ನಷ್ಟು ಎದ್ದು ಕಾಣುತ್ತದೆ. ಅದೇ ಬಯಲನ್ನು ಅವಲಂಬಿಸಿದ ದಲಿತ ಕುಟುಂಬಗಳ ಪಾಲನ್ನೂ ವೀರಕಾವ್ಯ ಹೇಳುವುದಿಲ್ಲ. ಆದ್ದರಿಂದ ಹಾಡನ್ನು ಶಾಸನದಷ್ಟೇ ಎಚ್ಚರದಿಂದ ಓದಬೇಕು. ಶಾಸನವೂ ಪಕ್ಷಪಾತಿಯೇ. ಅದನ್ನು ಓದುವ ಶಿಸ್ತು ನೂರು ವರ್ಷಗಳಿಗೂ ಹಿಂದೆಯೇ ರೂಪುಗೊಂಡಿತು. ಹಾಡಿಗೆ ಅಂಥ ಶಿಸ್ತು ಇನ್ನೂ ಪೂರ್ಣವಾಗಿ ದೊರೆತಿಲ್ಲ.

ಈ ಶಿಸ್ತು ಸರಳವಾದ ಕೆಲಸಗಳಿಂದ ಆರಂಭವಾಗಬೇಕು. ಹಾಡಿದವರ ಹೆಸರು, ಹಟ್ಟಿ, ಗುಡಿಕಟ್ಟು, ದಿನಾಂಕಗಳನ್ನು ಪಠ್ಯದೊಡನೆ ಮುದ್ರಿಸಬೇಕು. ಸ್ಥಳನಾಮಗಳನ್ನು ಹಾಡಿದಂತೆಯೇ ಉಳಿಸಿ, ಕಂದಾಯ ನಕ್ಷೆಯ ಹೆಸರನ್ನು ಪಕ್ಕದಲ್ಲಿ ಕೊಡಬೇಕು. ಪಾಠಾಂತರಗಳನ್ನು ಬೆರೆಸಿ ಒಂದು ‘ಶುದ್ಧ’ ಕಾವ್ಯ ಕಟ್ಟುವ ಆಸೆಯನ್ನು ಬಿಟ್ಟು, ಪ್ರತಿಯೊಂದನ್ನೂ ಬೇರೆಯಾಗಿ ಇಡಬೇಕು. ಪಟ್ಟಿಗಳನ್ನು ಕತ್ತರಿಸಬಾರದು. ಮುದ್ರಿತ ಪ್ರತಿ ಗ್ರಂಥಾಲಯಕ್ಕೆ ಹೋಗುವಂತೆ ಹಾಡಿದ ಹಟ್ಟಿಗೂ ಹೋಗಬೇಕು.

ಬ್ರಹ್ಮಗಿರಿಯ ಬಂಡೆಯ ಮೇಲಿನ ಆಜ್ಞೆಗೆ ಇಂದು ಸರ್ಕಾರದ ರಕ್ಷಣೆಯಿದೆ. ಅದರ ಸುತ್ತಲಿನ ಬಯಲಿನ ಹಾಡಿಗೆ ಕಾವಲಾಗಿ ಹಾಡುವವರ ನೆನಪು ಮಾತ್ರ ಇದೆ. ಸಂಗ್ರಾಹಕನು ಆ ಹಾಡಿನ ಒಡೆಯನಾಗಲಾರ. ಅದರ ಕಿಲಾರಿಯಾದರೆ ಅಷ್ಟೇ ಸಾಕು.